ನೀವು ಕೇಳಿದ್ದೀರಿ: ಕಾಮಿಕ್ಸ್ ನಾವೇ ಹಾಕಿಸಿ, ನಾವೇ ಮಾರೋದು ಹೇಗೆ?

ನಮ್ಮ ಕಾಮಿಕ್ಸ್ ಪುಸ್ತಕಗಳ ಬಗ್ಗೆ ಈ ಪತ್ರಿಕೆಯಲ್ಲಿ ಪುಟ್ಟ ಪರಿಚಯ ಬಂದ ಮೇಲೆ ಪತ್ರಗಳು ಬರುತ್ತಲೇ ಇವೆ. ಸಂಪಾದಕರು ಅವನ್ನೆಲ್ಲ ಒಂದೇ ಕವರಿಗೆ ತುಂಬಿ, ಉತ್ತರ ನೀವೇ ಬರೀರಿ ಅಂತ ಬಳ್ಳಾರಿಗೆ ಕಳಿಸಿಬಿಟ್ಟರು. ಹಗಲೆಲ್ಲ ನನ್ನದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಫ್ಲೆಕ್ಸು. ರಾತ್ರಿ ಷಟರ್ ಅರ್ಧ ಇಳಿಸಿದ ಮೇಲೆ ಕಾಮಿಕ್ಸ್. ಕಥೆ ನನ್ನದು, ಚಿತ್ರ ಒಬ್ಬ ಗೆಳೆಯನದು, ಲೆಕ್ಕ ಮಾತ್ರ ನನ್ನ ಹೆಂಡತಿಯದು. ಆದ್ದರಿಂದ ಕೆಳಗೆ ಎಲ್ಲೆಲ್ಲಿ ದುಡ್ಡಿನ ಮಾತು ಬರುತ್ತದೋ ಅಲ್ಲೆಲ್ಲ ಅವಳೇ ಮಾತಾಡುತ್ತಿದ್ದಾಳೆ ಅಂದುಕೊಳ್ಳಿ.

ಅಣ್ಣಾ, 80 ಪುಟದ ಕಾಮಿಕ್ಸ್ ಬರೆದು ಮುಗಿಸಿದ್ದೇನೆ. ಪೂರ್ತಿ ಕಲರ್. ಸಾವಿರ ಪ್ರತಿ ಹಾಕಿಸಿದರೆ ಒಂದೊಂದಕ್ಕೆ ಖರ್ಚು ಕಡಿಮೆ ಬೀಳುತ್ತದಂತೆ. ಹಾಕಿಸಲಾ? (ಕಾಲೇಜು ವಿದ್ಯಾರ್ಥಿ, ಸಿಂಧನೂರು)

ತಮ್ಮಾ, ಸ್ವಲ್ಪ ತಡಿ. ಕಡಿಮೆ ಬೀಳುತ್ತದೆ ಅನ್ನೋದು ನಿಜ. ಆದರೆ ಯಾಕೆ ಬೀಳುತ್ತದೆ ಅಂತ ಗೊತ್ತಾದರೆ ನೀನೇ ಹಿಂದೆ ಸರಿಯುತ್ತೀ.

ಆಫ್‌ಸೆಟ್ ಪ್ರೆಸ್ಸಿನಲ್ಲಿ ಪುಸ್ತಕ ಫಾರಂ ಲೆಕ್ಕದಲ್ಲಿ ಹೋಗುತ್ತದೆ. ಫಾರಂ ಅಂದರೆ ಎರಡೂ ಮುಖ ಅಚ್ಚಾಗುವ ಒಂದು ದೊಡ್ಡ ಹಾಳೆ. ಎ5 ಅಳತೆಯ 16 ಪುಟಕ್ಕೆ ಒಂದು ಫಾರಂ ಅಂತ ಹಿಡಿ. ನಿನ್ನ 80 ಪುಟಕ್ಕೆ 5 ಫಾರಂ. ಕಲರ್ ಅಂದರೆ ನಾಲ್ಕು ಶಾಯಿ, ಹಾಳೆಗೆ ಎರಡು ಮುಖ. ಹಾಗಾಗಿ ಒಂದು ಫಾರಂಗೆ 8 ಪ್ಲೇಟು, ಅಂದರೆ ಅಚ್ಚೊತ್ತುವ ತಗಡು. ಒಳಪುಟಕ್ಕೇ 40 ಪ್ಲೇಟಾಯಿತು, ಮುಖಪುಟದ್ದು ಬೇರೆ. ನೂರು ಪ್ರತಿ ತೆಗೆದರೂ ಅಷ್ಟೇ, ಸಾವಿರ ತೆಗೆದರೂ ಅಷ್ಟೇ. ಆ ಪ್ಲೇಟಿನ ದುಡ್ಡನ್ನು ಸಾವಿರಕ್ಕೆ ಹಂಚಿದಾಗ ಒಂದೊಂದು ಪ್ರತಿ ಅಗ್ಗ ಅನ್ನಿಸುತ್ತದೆ. ಮಾರಿ ಮುಗಿದರೆ ಅಗ್ಗ. ಮಂಚದ ಕೆಳಗೆ ಏಳುನೂರು ಉಳಿದರೆ?

ಮಾರೋದು ಎಷ್ಟು ಅಂತ ಮೊದಲು ನೋಡಿಕೋ. ಹೊಸಬರ ಪುಸ್ತಕಕ್ಕೆ 200, 300 ಸಾಕು. ಅಷ್ಟಕ್ಕೆ ಡಿಜಿಟಲ್ ಪ್ರಿಂಟ್ ಮಾಡಿಸು. ಪ್ಲೇಟಿನ ಗೊಡವೆ ಇಲ್ಲ. ಬೇಕಾದರೆ ಇನ್ನೂ ನೂರು ಮತ್ತೆ ಹಾಕಿಸಬಹುದು.

80 ಪುಟವನ್ನೂ ಒಂದೇ ಸಲ ಬಿಡಬೇಡ. ಮೊದಲ 32 ಪುಟ ಒಂದನೇ ಭಾಗ ಅಂತ ಬರಲಿ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ ಅಂದರೆ 28ಕ್ಕೆ ನಿಲ್ಲಿಸು, ಇಲ್ಲವೇ 36ಕ್ಕೆ. 30ಕ್ಕೆ ಆಗುವುದಿಲ್ಲ. ಸೆಂಟರ್ ಪಿನ್ ಹೊಡೆಯುವ ಪುಸ್ತಕ ಯಾವತ್ತೂ ನಾಲ್ಕು ನಾಲ್ಕು ಪುಟದ ಲೆಕ್ಕದಲ್ಲೇ ಇರಬೇಕು, ಒಂದು ಹಾಳೆ ಮಡಚಿದರೆ ನಾಲ್ಕು ಪುಟ ಅಲ್ವಾ? ಪುಸ್ತಕ ದಪ್ಪ ಆಯಿತು ಅಂದರೆ ಗೋಂದು ಹಾಕಿ ಪರ್ಫೆಕ್ಟ್ ಬೈಂಡಿಂಗ್ ಮಾಡುತ್ತಾರೆ. ಆಗ ನಡುವಿನ ಮಡಿಕೆಯೊಳಗೆ ನಿನ್ನ ಹೀರೋನ ಅರ್ಧ ಮುಖ ಹೋಗಿಬಿಡುತ್ತದೆ.

ಈಗ ಹೆಂಡತಿಯ ಲೆಕ್ಕ. ನಮ್ಮ ಒಂದು ಪುಸ್ತಕ 32 ಪುಟ, ಒಳಗೆ ಕಪ್ಪುಬಿಳುಪು, ಮುಖಪುಟ ಮಾತ್ರ ಕಲರ್. 300 ಪ್ರತಿಗೆ ಒಂದಕ್ಕೆ 32 ರೂಪಾಯಿ ಬಿತ್ತು. ಬೆಲೆ 100 ಇಟ್ಟೆವು. ಅಂಗಡಿಯವರು 35 ಪರ್ಸೆಂಟ್ ಹಿಡಿದರು, ಕೈಗೆ ಬಂದದ್ದು 65. ಪ್ರಿಂಟಿಂಗ್ ಕಳೆದರೆ 33. ಅದರಲ್ಲೇ ಚಿತ್ರದವನ ಪಾಲು, ಬಸ್ಸಿನ ಪಾರ್ಸಲ್ಲು, ಹರಿದ ಪ್ರತಿ, ಪುಕ್ಕಟೆ ಕೊಟ್ಟ ಪ್ರತಿ ಎಲ್ಲ. ಅದೇ ಪುಸ್ತಕ ನಾವೇ ಕೈಯಾರೆ ಮಾರಿದಾಗ 68 ಉಳಿಯಿತು. ಬೆಲೆ ಪ್ರಿಂಟಿಂಗ್ ಖರ್ಚಿನ ಮೂರು ಪಟ್ಟಾದರೂ ಇರಲಿ. ನಿನ್ನ ಕಲರ್ ಪುಸ್ತಕಕ್ಕೆ ಇದೇ ಲೆಕ್ಕ ಹಾಕಿ, ಆ ಬೆಲೆಗೆ ಸಿಂಧನೂರಿನಲ್ಲಿ ಎಷ್ಟು ಜನ ಕೊಳ್ಳುತ್ತಾರೆ ಅಂತ ಬೆರಳು ಮಡಚಿ ನೋಡು.

ಚಿತ್ರ ಚೆನ್ನಾಗಿ ಬಂತು ಸಾರ್. ಆದರೆ ಪಾತ್ರಗಳ ಮಾತು ಬರೆಯುವ ಬಲೂನಿನೊಳಗಿನ ಕನ್ನಡ ಅಕ್ಷರ ಪ್ರಿಂಟಿನಲ್ಲಿ ಒಡೆದು ಮಸುಕಾಗಿದೆ. ಒತ್ತಕ್ಷರ ಎಲ್ಲೆಲ್ಲೋ ಹೋಗಿವೆ. (ಗಂಗಾವತಿ)

ಇದು ನನಗೆ ಇಷ್ಟವಾದ ಪ್ರಶ್ನೆ. ಇಲ್ಲಿ ಎರಡು ಕಾಯಿಲೆ ಇವೆ.

ಒತ್ತಕ್ಷರ ಹಾರಿಹೋಗುವುದು ಫಾಂಟಿನ ಕಾಯಿಲೆ. ನಮ್ಮ ಕಡೆಯ ಅಂಗಡಿಗಳಲ್ಲಿ ಇವತ್ತಿಗೂ ನುಡಿ, ಬರಹ ಅನ್ನೋ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟುಗಳದ್ದೇ ರಾಜ್ಯ. ನೀವು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಅದರ ಅಕ್ಷರ ಸಂಕೇತವೇ ಬೇರೆ. ಅದನ್ನು ಪುಟ ಮಾಡುವ ಹಳೇ ಕೋರಲ್‌ಡ್ರಾ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತು, ಕೊಂಬು ಎಲ್ಲ ಚೆಲ್ಲಾಪಿಲ್ಲಿ. ಇನ್‌ಡಿಸೈನ್ ಸಾಫ್ಟ್‌ವೇರ್ ಬಳಸುವವರು ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲೂ ಇದೇ ಪಾಡು. ದುಡ್ಡಿಲ್ಲದ ದಾರಿ ಅಂದರೆ ಇಂಕ್‌ಸ್ಕೇಪ್ ಅನ್ನೋ ಸಾಫ್ಟ್‌ವೇರ್. ಉಚಿತ, ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಫಾಂಟಿಗೆ 'ಬಲೂ ತಮ್ಮ' (Baloo Tamma) ಅನ್ನೋದು ನೋಡಿ. ಅದೂ ಉಚಿತ, ವ್ಯಾಪಾರಕ್ಕೂ ಬಳಸಬಹುದು, ದುಂಡಗೆ ಕಾಮಿಕ್ಸಿಗೇ ಹೇಳಿ ಮಾಡಿಸಿದ ಹಾಗಿದೆ. ಎಲ್ಲ ಮುಗಿದ ಮೇಲೆ ಅಕ್ಷರಗಳನ್ನು ಕರ್ವ್ಸ್ ಮಾಡಿಯೇ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿಯೇ ಪಿಡಿಎಫ್ ಕೊಡಿ. ಕರ್ವ್ಸ್ ಮಾಡುವ ಮುಂಚಿನ ಫೈಲು ಬೇರೆ ಇಟ್ಟುಕೊಳ್ಳಿ, ಕಾಗುಣಿತ ತಪ್ಪು ಸಿಗೋದು ಯಾವಾಗಲೂ ಆಮೇಲೆಯೇ.

ಮಸುಕಾಗುವುದು ಕಪ್ಪು ಬಣ್ಣದ ಕಾಯಿಲೆ. ಕಂಪ್ಯೂಟರಿನಲ್ಲಿ ಕಪ್ಪಾಗಿ ಕಾಣುವ ಅಕ್ಷರ ಎಷ್ಟೋ ಸಲ ನಾಲ್ಕೂ ಬಣ್ಣ ಕಲೆಸಿದ ಕಪ್ಪು. ಮಷೀನಿನಲ್ಲಿ ನಾಲ್ಕು ಪ್ಲೇಟು ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು, ಸಣ್ಣ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿ, ನಿಮ್ಮ 'ಕ್ಷ'ದ ಹೊಟ್ಟೆಯೊಳಗೆ ಗುಲಾಬಿ ಬಣ್ಣ ತುಂಬಿರುತ್ತದೆ. ಅಕ್ಷರಕ್ಕೆ ಬರೀ ಕೆ (ಕಪ್ಪು ಶಾಯಿ) ನೂರು ಇಡಿ, ಉಳಿದ ಮೂರು ಸೊನ್ನೆ. ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಿತ್ರ ಅಷ್ಟು ಚಾಚಿರಲಿ.

ಇನ್ನೊಂದು ಮಾತು. ಇಂಗ್ಲಿಷ್ ಕಾಮಿಕ್ಸ್ ನೋಡಿ ಬಲೂನು ಬರೆಯಬೇಡಿ. ಕನ್ನಡ ಸಾಲಿನ ಕೆಳಗೆ ಒತ್ತಕ್ಷರ ಇಳಿಯಬೇಕು, ಮೇಲೆ ಗುಡಿಸು ಕೂರಬೇಕು. ಜಾಗ ಜಾಸ್ತಿ ಬೇಕು. ಮೊದಲು ಮಾತು ಟೈಪ್ ಮಾಡಿ, ಅದರ ಸುತ್ತ ಬಲೂನು ಎಳೆಯಿರಿ.

ಗಂಡುಗಲಿ ಕುಮಾರರಾಮನ ಕಾಮಿಕ್ಸ್ ಮಾಡಬೇಕು ಅಂತ ಆಸೆ. ಯಾರಾದರೂ ಕೇಸ್ ಹಾಕುತ್ತಾರಾ? ಚಿತ್ರ ಬರೆಯುವವನು ನನ್ನ ಸೋದರಮಾವನ ಮಗ, ಅವನ ಜೊತೆ ಅಗ್ರಿಮೆಂಟ್ ಬೇಕಾ? (ಕೊಪ್ಪಳ)

ಕುಮ್ಮಟದುರ್ಗ ನಿಮ್ಮ ಜಿಲ್ಲೆಯಲ್ಲೇ ಇದೆ, ನೀವು ಮಾಡದೆ ಇನ್ಯಾರು ಮಾಡಬೇಕು? ಕಂಪಿಲರಾಯ, ಅವನ ಮಗ ರಾಮ, ದಿಲ್ಲಿಯ ತುಘಲಕ್ ಸೈನ್ಯ, ಎಲ್ಲ 14ನೇ ಶತಮಾನದ ಮಾತು. ನಂಜುಂಡ ಕವಿ 16ನೇ ಶತಮಾನದಲ್ಲೇ ಇದನ್ನು ಸಾಂಗತ್ಯದಲ್ಲಿ ಹಾಡಿದ್ದಾನೆ. ಬಯಲಾಟದವರು ಕುಣಿದಿದ್ದಾರೆ. ಕಥೆ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಇತ್ತೀಚಿನ ಒಬ್ಬ ಕಾದಂಬರಿಕಾರ ತನ್ನ ತಲೆಯಿಂದ ಹುಟ್ಟಿಸಿದ ಪಾತ್ರ, ಸಂಭಾಷಣೆ ಎತ್ತಿಕೊಳ್ಳುವ ಹಾಗಿಲ್ಲ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಸಿನಿಮಾದ ವೇಷ ನೋಡಿ ಬರೆಯುವುದೂ ಬೇಡ. ಅದಕ್ಕಿಂತ ಒಂದು ದಿನ ಕುಮ್ಮಟದ ಗುಡ್ಡ ಹತ್ತಿ, ಆ ಬಂಡೆಗಳನ್ನು ಬರೆದುಕೊಂಡು ಬನ್ನಿ. ನಿಮ್ಮ ಪುಸ್ತಕದ ಅರ್ಧ ಬಲ ಅಲ್ಲೇ ಇದೆ.

ಅಗ್ರಿಮೆಂಟ್ ಬೇಕೇ ಬೇಕು, ಸೋದರಮಾವನ ಮಗ ಆದ್ದರಿಂದಲೇ ಬೇಕು. ಹೊರಗಿನವರ ಜೊತೆ ಜಗಳ ಆದರೆ ವ್ಯಾಪಾರ ಮಾತ್ರ ಹೋಗುತ್ತದೆ, ಇಲ್ಲಿ ಯುಗಾದಿ ಊಟವೂ ಹೋಗುತ್ತದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿ, ಸಹಿ ಹಾಕಿ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇವೆರಡರ ಜೊತೆ ಇನ್ನೂ ಎರಡು ಸಾಲು ಸೇರಿಸಿ: ಮರುಮುದ್ರಣ ಆದರೆ ಅವನಿಗೆ ಎಷ್ಟು, ಮೂಲ ಚಿತ್ರದ ಹಾಳೆಗಳು ಯಾರ ಬಳಿ ಇರಬೇಕು. ಕನ್ನಡದಲ್ಲೇ ಬರೆಯಿರಿ, ಇಬ್ಬರಿಗೂ ಅರ್ಥವಾಗಲಿ.

ಬಲೂನಿನಲ್ಲಿ ನಮ್ಮ ರಾಯಚೂರು ಮಾತು ಹಾಕಿದರೆ ಬೆಂಗಳೂರು, ಮೈಸೂರಿನವರು ಕೊಳ್ಳುತ್ತಾರಾ? (ಶಿಕ್ಷಕಿ, ರಾಯಚೂರು)

ಹಾಕಿ ಮೇಡಂ. 'ಎಲ್ಲಿಗ್ ಹೊಂಟೀಯೋ? ಏನ್ ಮಾಡಾಕತ್ತೀ?' ಅಂದರೆ ಮೈಸೂರಿನವರಿಗೂ ತಿಳಿಯುತ್ತದೆ, ಪಕ್ಕದಲ್ಲಿ ಚಿತ್ರ ಇದೆಯಲ್ಲ. ಚಿತ್ರದ ಮೇಲಿನ ಪಟ್ಟಿಯಲ್ಲಿ ಬರುವ ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ. ಒಂದೇ ಎಚ್ಚರಿಕೆ: ಹಳ್ಳಿಯವನು, ಪೆದ್ದ, ಕಳ್ಳ ಇವರಿಗೆ ಮಾತ್ರ ಆಡುಮಾತು ಕೊಟ್ಟು, ಡಾಕ್ಟರಿಗೂ ಪೊಲೀಸಿಗೂ ಗ್ರಂಥದ ಭಾಷೆ ಕೊಡಬೇಡಿ. ನಿಮ್ಮೂರಿನ ಡಾಕ್ಟರು ಹೇಗೆ ಮಾತಾಡುತ್ತಾರೋ ಹಾಗೇ ಬರೆಯಿರಿ.

ಐಎಸ್‌ಬಿಎನ್, ಜಿಎಸ್‌ಟಿ, ಲೈಸೆನ್ಸು… ತಲೆ ತಿರುಗುತ್ತಿದೆ. (ಸಿರುಗುಪ್ಪ)

ತಿರುಗಬೇಕಾದಷ್ಟು ಏನಿಲ್ಲ. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ. ಅದನ್ನು ಕೊಡುವುದು ದಿಲ್ಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಆನ್‌ಲೈನ್ ಅರ್ಜಿ, ಒಂದು ಪೈಸೆ ಇಲ್ಲ, ಸ್ವಂತ ಪುಸ್ತಕ ಹಾಕುವವರೂ ಪಡೆಯಬಹುದು. ನಡುವೆ ಯಾರಾದರೂ ಸಾವಿರಾರು ಕೇಳಿದರೆ ಕೈಮುಗಿದು ಬನ್ನಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬರೀ ಪುಸ್ತಕ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಪ್ರೆಸ್ಸಿನವರ ಬಿಲ್ಲಿನಲ್ಲಿ ಮಾತ್ರ ಜಿಎಸ್‌ಟಿ ಇರುತ್ತದೆ, ಕೊಟೇಷನ್ ಕೇಳುವಾಗಲೇ ಸೇರಿಸಿ ಹೇಳಿ ಅನ್ನಿ. ಟೀ ಶರ್ಟು, ಕಿನ್ನಾಳದ ಬೊಂಬೆ ಅಂತ ಜೊತೆಗೆ ಮಾರಲು ಹೊರಟರೆ ಅದು ಬೇರೆ ಲೆಕ್ಕ, ಆಡಿಟರ್ ಹತ್ತಿರ ಹೋಗಿ. ಪುಸ್ತಕದ ಬದಲು ತಿಂಗಳ ಪತ್ರಿಕೆ ಮಾಡಿದರೆ ಐಎಸ್‌ಬಿಎನ್ ಅಲ್ಲ. 2023ರ ಕಾಯ್ದೆಯಡಿ ಪತ್ರಿಕೆಯಾಗಿ ನೋಂದಾಯಿಸಬೇಕು. ನನ್ನ ಸಲಹೆ: ಸುಮ್ನೆ ಪುಸ್ತಕವನ್ನೇ ಮಾಡಿ. ತಿಂಗಳಿಗೊಂದು ಅಂತ ಮಾತು ಕೊಟ್ಟು ಉಳಿಸಿಕೊಳ್ಳುವುದು ಕಷ್ಟ.

ಮಾರೋದು ಎಲ್ಲಿ? (ಕುಷ್ಟಗಿ)

ಜನ ಆಗಲೇ ಸೇರಿರುವ ಕಡೆ. ಕೊಪ್ಪಳದ ಗವಿಮಠದ ಜಾತ್ರೆ, ಜನವರಿ ಹೊತ್ತಿಗೆ. ಲಕ್ಷಗಟ್ಟಲೆ ಜನ, ದಾಸೋಹದಲ್ಲಿ ಊಟ ಮುಗಿಸಿ ನಿಧಾನಕ್ಕೆ ಅಡ್ಡಾಡುತ್ತಿರುತ್ತಾರೆ. ಮಕ್ಕಳು ನಿಂತು ಒಂದು ಪುಟ ಓದಲಿ, ಗದರಬೇಡಿ. ಎರಡನೇ ಪುಟಕ್ಕೆ ಅಪ್ಪ ಜೇಬಿಗೆ ಕೈ ಹಾಕುತ್ತಾನೆ. ಗವಿಮಠದ ಗುಡ್ಡದಲ್ಲೇ ಅಶೋಕನ ಶಾಸನ ಇದೆ, ಹತ್ತಿರದ ಪಾಲ್ಕಿಗುಂಡು ಗುಡ್ಡದಲ್ಲೂ ಇದೆ. ಅದರ ಮೇಲೊಂದು ಕಾಮಿಕ್ಸ್ ಮಾಡಿ ಅಲ್ಲೇ ಮಾರಿದರೆ ಹೇಗಿರುತ್ತದೆ ಯೋಚಿಸಿ. ನಾನು ಮಾಡುವ ಮೊದಲು ನೀವು ಮಾಡಿದರೂ ಬೇಜಾರಿಲ್ಲ.

ಅಂಗಡಿಗೆ ಕೊಡುವಾಗ ಹತ್ತು ಪ್ರತಿಗಿಂತ ಜಾಸ್ತಿ ಕೊಡಬೇಡಿ, ಚೀಟಿಯಲ್ಲಿ ಸಹಿ ತಗೊಳ್ಳಿ. ಒಂದು ಅಂಗಡಿಯವರು ನಮ್ಮ ಪುಸ್ತಕ ಗಾಜಿನ ಮುಂದೆ ಬಿಸಿಲಿಗೇ ಇಟ್ಟು, ಬೇಸಿಗೆ ಕಳೆದ ಮೇಲೆ ವಾಪಸ್ ಕೊಟ್ಟರು. ಕೆಂಪು ಬಣ್ಣ ಹಾರಿ ಹೀರೋಗೆ ಕಾಮಾಲೆ ಬಂದಿತ್ತು, ಮುಖಪುಟ ಹಪ್ಪಳದ ಹಾಗೆ ಸುರುಳಿ. ದುಡ್ಡು ಕೇಳಿದ್ದಕ್ಕೆ ಪುಸ್ತಕ ವಾಪಸ್ ಕೊಟ್ಟೆವಲ್ಲ ಅಂದರು. ಈಗ ಚೀಟಿಯಲ್ಲಿ 'ಹಾಳಾದ ಪ್ರತಿ ವಾಪಸ್ ಇಲ್ಲ' ಅಂತ ಅಚ್ಚು ಹಾಕಿಸಿದ್ದೇನೆ. ಡಿಟಿಪಿ ಅಂಗಡಿ ಇರುವುದು ಇದಕ್ಕೇ ತಾನೇ.

ಅಂಚೆಯಲ್ಲಿ ಕಳಿಸುವುದಾದರೆ ಜ್ಞಾನ ಪೋಸ್ಟ್ ಕೇಳಿ, ಅದು ಪುಸ್ತಕ ಕಳಿಸಲೆಂದೇ ಇರುವ ಅಂಚೆ ಸೇವೆ. 2025ರ ಮೇ 1ರಿಂದ ಶುರುವಾಗಿದೆ. ಶುರುವಿನ ದರ 300 ಗ್ರಾಂಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ಎಲ್ಲಿದೆ ಅಂತ ಟ್ರ್ಯಾಕ್ ಮಾಡಬಹುದು. ಪ್ರಕಾಶಕರ ಅಥವಾ ಮುದ್ರಕರ ಹೆಸರು ಪುಸ್ತಕದಲ್ಲಿ ಇರಬೇಕು, ಜಾಹೀರಾತು ತುಂಬಿದ್ದರೆ ತಗೊಳ್ಳುವುದಿಲ್ಲ. ಆದ್ದರಿಂದ ಹಿಂಬದಿ ರಕ್ಷಾಪುಟಕ್ಕೆ ಜ್ಯುವೆಲರಿ ಅಂಗಡಿಯ ಜಾಹೀರಾತು ಹಿಡಿಯುವ ಮೊದಲು ಯೋಚಿಸಿ.

ಮಗಳು ಏಳನೇ ಕ್ಲಾಸು. ನೋಟ್‌ಬುಕ್ ತುಂಬ ಬರೀ ಕಾಮಿಕ್ಸು. ತಾನೂ ಪುಸ್ತಕ ಹಾಕಿಸುತ್ತೇನೆ ಅಂತ ಹಟ. ಏನು ಹೇಳಲಿ? (ತಾಯಿ, ಕೌಲ್ ಬಜಾರ್, ಬಳ್ಳಾರಿ)

ಅಕ್ಕಾ, ಹಾಕಿಸಿಬಿಡಿ. ಒಂದು ಎ4 ಹಾಳೆ ತಗೊಂಡು ಮೂರು ಸಲ ಮಡಚಿ ಬಿಚ್ಚಿ, ಎಂಟು ಮನೆ ಆಗುತ್ತವೆ. ನಡುವಿನ ಉದ್ದ ಗೆರೆಯಲ್ಲಿ ಮಧ್ಯದ ಎರಡು ಮನೆಯಷ್ಟು ಮಾತ್ರ ಕತ್ತರಿಸಿ. ಉದ್ದಕ್ಕೆ ಮಡಚಿ ಎರಡು ತುದಿ ಹಿಡಿದು ಒಳಗೆ ತಳ್ಳಿದರೆ ಎಂಟು ಪುಟದ ಪುಸ್ತಕ, ಪಿನ್ನೂ ಬೇಡ. ಪುಟಗಳಿಗೆ ನಂಬರ್ ಹಾಕಿ ಬಿಚ್ಚಿ ನೋಡಿ, ಯಾವ ಪುಟ ತಲೆಕೆಳಗಾಗಿ ಬರೆಯಬೇಕು ಅಂತ ಗೊತ್ತಾಗುತ್ತದೆ. ಕಪ್ಪು ಪೆನ್ನಿನಲ್ಲೇ ಬರೆಯಲಿ, ಪೆನ್ಸಿಲ್ ಜೆರಾಕ್ಸಿನಲ್ಲಿ ಸರಿಯಾಗಿ ಬರುವುದಿಲ್ಲ. ಒಂದೇ ಮಗ್ಗುಲು ಜೆರಾಕ್ಸು, ಇಪ್ಪತ್ತು ಪ್ರತಿ ಸಾಕು. ಬೆಲೆ ಅವಳೇ ಇಡಲಿ, ಲೆಕ್ಕವೂ ಅವಳೇ ಬರೆಯಲಿ. ಒಂದು ಪ್ರತಿ ನನಗೆ ಎತ್ತಿಡಿ, ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ಪ್ರಕಾಶಕರು ಪುಕ್ಕಟೆ ಪ್ರತಿ ಕೊಡಬಾರದು ಅಂತ ನಮ್ಮ ಮನೆಯ ಲೆಕ್ಕ ಬರೆಯುವವಳು ಪಕ್ಕದಿಂದ ಹೇಳುತ್ತಿದ್ದಾಳೆ.