ಎಐ ಚಿತ್ರದಲ್ಲಿ ಮನುಷ್ಯರ ಪಾಲು ಎಷ್ಟು?

ನೀವು ಒಂದೇ ಉಸಿರಲ್ಲಿ ಮೂರು ವಿಷಯ ಕೇಳಿದ್ದೀರಿ. ಎಐಗೆ ನಾಲ್ಕು ಸಾಲು ಬರೆದು ಚಿತ್ರ ಮಾಡಿಸಿಕೊಳ್ಳುವವರನ್ನು ಕಲಾವಿದರು ಅನ್ನಬಹುದಾ? ಅಂಥ ಚಿತ್ರದಲ್ಲಿ ಮನುಷ್ಯರ ಕೆಲಸ ಅಂತ ಏನು ಉಳಿಯುತ್ತದೆ? ಈಗಷ್ಟೇ ಚಿತ್ರ ಬಿಡಿಸಲು ಕಲಿಯುತ್ತಿರುವ ನೀವು ಮುಂದುವರಿಸಬೇಕಾ, ಬಿಡಬೇಕಾ? ನಾನು ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಕೈಯಲ್ಲೂ ಬರೆಯುತ್ತೇನೆ, ಈ ಹೊಸ ಟೂಲ್‌ಗಳನ್ನೂ ಬಳಸುತ್ತೇನೆ. ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉಳಿದ ಎರಡಕ್ಕೂ ಉತ್ತರ ಅದರಲ್ಲೇ ಇದೆ.

“ಕಿಟಕಿ ಪಕ್ಕ ಕೂತಿರುವ ಮುದುಕಿ” ಅಂತ ಟೈಪ್ ಮಾಡಿದಿರಿ ಅಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಚಿತ್ರ ಬರುತ್ತದೆ. ಅದನ್ನು ಸುಮ್ನೆ ಕೂತು ನೋಡಿ. ಬೆಳಕು ಒಂದು ಕಡೆಯಿಂದ ಬೀಳುತ್ತಿದೆ. ಕೈಗಳು ಮಡಿಲಲ್ಲಿವೆ. ಮುಖದ ಸುಕ್ಕು, ಬಟ್ಟೆಯ ಬಣ್ಣ, ಗೋಡೆಯ ಬಿರುಕು, ಅವಳ ನೋಟ ಹೊರಗಿದೆಯಾ ಒಳಗಿದೆಯಾ ಅನ್ನುವುದು, ಎಲ್ಲವೂ ಅಲ್ಲಿ ತೀರ್ಮಾನವಾಗಿ ಹೋಗಿದೆ. ಇದರಲ್ಲಿ ನೀವು ತೀರ್ಮಾನಿಸಿದ್ದು ಮೂರೇ ಸಂಗತಿ: ಮುದುಕಿ, ಕಿಟಕಿ, ಕೂತಿರುವುದು.

ಉಳಿದದ್ದನ್ನೆಲ್ಲ ತುಂಬಿದ್ದು ಮಾಡೆಲ್, ಅಂದರೆ ರಾಶಿ ರಾಶಿ ಚಿತ್ರಗಳಿಂದ ಕಲಿತು ಹೊಸ ಚಿತ್ರ ಮಾಡುವ ಎಐ ಪ್ರೋಗ್ರಾಮ್. ಅದು ಎಲ್ಲಿಂದ ತಂದು ತುಂಬುತ್ತದೆ ಅನ್ನುವುದು ಗೊತ್ತಿರಬೇಕು. ಸ್ಟೇಬಲ್ ಡಿಫ್ಯೂಷನ್‌ನಂಥ ಮಾಡೆಲ್‌ಗೆ ಕಲಿಸುವಾಗ ಚಿತ್ರಗಳಿಗೆ ಬೇಕೆಂದೇ ನಾಯ್ಸ್ ಸೇರಿಸುತ್ತಾರೆ. ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕುಣಿಯುತ್ತಿದ್ದ ಚುಕ್ಕಿಗಳಂಥ ನಾಯ್ಸ್ ಅದು. ಅದನ್ನು ಗುರುತಿಸಿ ತೆಗೆಯುವುದನ್ನು ಮಾಡೆಲ್ ಕಲಿಯುತ್ತದೆ. ಆಮೇಲೆ ನೀವು ಚಿತ್ರ ಕೇಳಿದಾಗ ಬರೀ ಚುಕ್ಕಿಗಳಿಂದಲೇ ಶುರು ಮಾಡಿ, ನಿಮ್ಮ ಮಾತಿಗೆ ಹೊಂದುವ ಕಡೆಗೆ ಹಂತ ಹಂತವಾಗಿ ಅವನ್ನು ತಿದ್ದುತ್ತ ಹೋಗುತ್ತದೆ. ಶುರುವಿನ ಚುಕ್ಕಿಗಳು ಸೀಡ್ ಎಂಬ ಒಂದು ಸಂಖ್ಯೆಯಿಂದ ಬರುತ್ತವೆ. ಸೀಡ್ ಬದಲಾದರೆ ಅದೇ ಮಾತಿಗೆ ಬೇರೆ ಮುದುಕಿ, ಬೇರೆ ಕಿಟಕಿ.

ಸ್ಟೇಬಲ್ ಡಿಫ್ಯೂಷನ್ 2022ರ ಆಗಸ್ಟ್‌ನಲ್ಲಿ ಎಲ್ಲರ ಕೈಗೆ ಸಿಕ್ಕಿತು. ಅದು ಕಲಿತದ್ದು ಲಾಯನ್-5ಬಿ ಎಂಬ ಸಂಗ್ರಹದ ಭಾಗಗಳಿಂದ. ಇಂಟರ್‌ನೆಟ್‌ನಲ್ಲಿದ್ದ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳು, ಅವುಗಳ ಜೊತೆಗಿದ್ದ ಬರಹ, ಇಷ್ಟು ಆ ಸಂಗ್ರಹದಲ್ಲಿವೆ. ನೀವು ಹೇಳದೆ ಬಿಟ್ಟ ಜಾಗದಲ್ಲಿ, ಇಂಥ ಮಾತಿನ ಜೊತೆ ಸಾಮಾನ್ಯವಾಗಿ ಏನು ಕಾಣಿಸುತ್ತಿತ್ತೋ ಅದು ಬಂದು ಕೂರುತ್ತದೆ. ಎಐ ಚಿತ್ರಗಳಲ್ಲಿ ಅಷ್ಟೊಂದು ಮುದುಕಿಯರು ಒಂದೇ ಥರ ಚಿನ್ನದ ಬಣ್ಣದ ಸಂಜೆ ಬೆಳಕಲ್ಲಿ ಕೂತಿರುವುದು ಇದಕ್ಕೇ.

ಹಾಗಾಗಿ ನನ್ನ ಉತ್ತರ ಇದು: ಎಐ ಚಿತ್ರದಲ್ಲಿ ಮನುಷ್ಯರ ಪಾಲಿಗೆ ನಿಗದಿಯಾದ ಅಳತೆ ಇಲ್ಲ. ಎಷ್ಟು ತೀರ್ಮಾನಗಳನ್ನು ಅವರು ತಮ್ಮ ಕೈಯಲ್ಲಿ ಇಟ್ಟುಕೊಂಡರೋ ಅಷ್ಟು ಅವರದು. ಒಂದು ಚಿತ್ರದಲ್ಲಿ ಅದು ನೂರಕ್ಕೆ ಎರಡರಷ್ಟಿರಬಹುದು, ಇನ್ನೊಂದರಲ್ಲಿ ಮುಕ್ಕಾಲು. ಬಳಸಿದ ಸಾಫ್ಟ್‌ವೇರ್‌ನ ಹೆಸರು ಕೇಳಿ ಇದನ್ನು ಹೇಳಲಾಗದು.

ಇದು ಹೊಸ ಮಾತೇನಲ್ಲ. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಒಂದು ಫೋಟೋ ಬಂದಿತ್ತು. ಲೇಖಕ ಆಸ್ಕರ್ ವೈಲ್ಡ್ ಅವರ ಫೋಟೋ, ತೆಗೆದವರು ನೆಪೋಲಿಯನ್ ಸರೋನಿ. ಕ್ಯಾಮೆರಾ ಬರೀ ಯಂತ್ರ, ಎದುರಿಗಿದ್ದದ್ದನ್ನು ಹಾಗೆಯೇ ಹಿಡಿಯುತ್ತದೆ, ಇದರಲ್ಲಿ ಫೋಟೋಗ್ರಾಫರ್‌ದು ಏನಿದೆ ಅನ್ನುವುದು ಎದುರು ಪಕ್ಷದ ವಾದ. ಕೋರ್ಟ್ ಒಪ್ಪಲಿಲ್ಲ. ವೈಲ್ಡ್ ಹೇಗೆ ಕೂರಬೇಕು, ಯಾವ ಬಟ್ಟೆ, ಹಿಂದೆ ಯಾವ ಪರದೆ, ಬೆಳಕು ನೆರಳು ಹೇಗೆ ಅನ್ನುವುದನ್ನೆಲ್ಲ ಸರೋನಿ ತೀರ್ಮಾನಿಸಿದ್ದರು. ಆದ್ದರಿಂದ ಅದು ಅವರ ಕೃತಿ ಅಂತ ಕೋರ್ಟ್ ಹೇಳಿತು.

ಈಗಿನ ಎಐ ಪ್ರಕರಣಗಳಲ್ಲೂ ವಾದ ಅಲ್ಲೇ ಸುತ್ತುತ್ತಿದೆ. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಮೇಳದಲ್ಲಿ ಜೇಸನ್ ಅಲೆನ್ ಅವರ ಚಿತ್ರಕ್ಕೆ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಬಂತು. ಅದನ್ನು ಮಿಡ್‌ಜರ್ನಿ ಎಂಬ ಎಐ ಟೂಲ್‌ನಲ್ಲಿ ಮಾಡಿದ್ದು ಅಂತ ಗೊತ್ತಾದಾಗ ದೊಡ್ಡ ಗಲಾಟೆಯಾಯಿತು. ತಾವು ಕನಿಷ್ಠ 624 ಸಲ ಪ್ರಾಂಪ್ಟ್ (ಏನು ಬೇಕು ಅಂತ ಎಐಗೆ ಬರೆದು ಕೊಡುವ ಮಾತು) ಬರೆದು ತಿದ್ದಿದ್ದಾಗಿ ಅಲೆನ್ ಹೇಳಿದರು. ಆದರೂ 2023ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆ ಚಿತ್ರವನ್ನು ನೋಂದಾಯಿಸಲು ಒಪ್ಪಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಬೀಜಿಂಗ್‌ನ ಇಂಟರ್‌ನೆಟ್ ಕೋರ್ಟ್ ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಮಾಡಿದ ಒಂದು ಚಿತ್ರಕ್ಕೆ ಕಾಪಿರೈಟ್ ಇದೆ ಅಂದಿತು. ಪ್ರಾಂಪ್ಟ್ ಆಯ್ದದ್ದು, ಸೆಟ್ಟಿಂಗ್‌ಗಳನ್ನು ಹೊಂದಿಸಿದ್ದು, ಬಂದದ್ದನ್ನು ತಿದ್ದುತ್ತ ಹೋದದ್ದು ಎಲ್ಲವೂ ಆ ವ್ಯಕ್ತಿಯ ಆಯ್ಕೆ ಅನ್ನುವುದು ಅದರ ಕಾರಣ. ತೀರ್ಪು ತದ್ವಿರುದ್ಧ, ಆದರೆ ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ ಅಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, 624 ಅನ್ನುವ ಸಂಖ್ಯೆ ಶ್ರಮವನ್ನು ತೋರಿಸುತ್ತದೆ. ತೀರ್ಮಾನವನ್ನು ತೋರಿಸಬೇಕೆಂದಿಲ್ಲ. ಮನಸ್ಸಲ್ಲಿ ಒಂದು ಚಿತ್ರ ಇಟ್ಟುಕೊಂಡು ಅದರ ಕಡೆಗೆ ಮತ್ತೆ ಮತ್ತೆ ಎಳೆಯುವುದು ಬೇರೆ. ಏನಾದರೂ ಚೆನ್ನಾಗಿರುವುದು ಬರಲಿ ಅಂತ ಬಟನ್ ಒತ್ತುತ್ತ ಇರುವುದು ಬೇರೆ. ಅಲೆನ್ ಮಾಡಿದ್ದು ಯಾವುದು ಅಂತ ಹೊರಗೆ ನಿಂತು ನಾನು ಹೇಳಲಾರೆ. ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ ತೆಗೆದುಕೊಂಡ ನಿಲುವು ನನಗೆ ಹೆಚ್ಚುಕಡಿಮೆ ಸರಿ ಅನಿಸುತ್ತದೆ: ಈಗಿನ ಟೂಲ್‌ಗಳಲ್ಲಿ ಬರೀ ಪ್ರಾಂಪ್ಟ್‌ನಿಂದ ಸಾಕಷ್ಟು ಹಿಡಿತ ಸಿಗುವುದಿಲ್ಲ. ಆದರೆ ನೀವೇ ಬರೆದ ಸ್ಕೆಚ್ ಕೊನೆಯ ಚಿತ್ರದಲ್ಲಿ ಕಾಣುವಂತೆ ಉಳಿದಿದ್ದರೆ, ಅಥವಾ ಬಂದದ್ದನ್ನು ನೀವು ಸೃಜನಶೀಲವಾಗಿ ಜೋಡಿಸಿ ಬದಲಿಸಿದ್ದರೆ, ಆ ಪಾಲು ನಿಮ್ಮದು.

ತೀರ್ಮಾನಗಳನ್ನು ಎಷ್ಟು ಆಳಕ್ಕೆ ಒಯ್ಯಬಹುದು ಅಂತ ನೋಡಬೇಕಾದರೆ ಹೆರಾಲ್ಡ್ ಕೋಹೆನ್ ಅವರನ್ನು ನೋಡಿ. ಇವರ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಸಾಲದು. 1966ರಲ್ಲಿ ವೆನಿಸ್ ಬಿನಾಲೆ ಎಂಬ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಬ್ರಿಟನ್ ಪರವಾಗಿ ಚಿತ್ರ ಇಟ್ಟವರಲ್ಲಿ ಅವರೂ ಒಬ್ಬರು. ಹೆಸರು ಮಾಡಿದ್ದ ಚಿತ್ರಕಾರ. ಅಂಥವರು ಅಮೆರಿಕಕ್ಕೆ ಹೋಗಿ ಪ್ರೋಗ್ರಾಮಿಂಗ್ ಕಲಿತರು. 1970ರ ದಶಕದ ಶುರುವಿನಿಂದ 2016ರಲ್ಲಿ ತೀರಿಕೊಳ್ಳುವವರೆಗೆ ಆರನ್ ಎಂಬ ಒಂದೇ ಪ್ರೋಗ್ರಾಮ್ ಮೇಲೆ ಕೆಲಸ ಮಾಡಿದರು. ಆರನ್ ಯಾರ ಚಿತ್ರಗಳನ್ನೂ ನೋಡಿ ಕಲಿತದ್ದಲ್ಲ. ಮುಚ್ಚಿದ ಆಕಾರ ಅಂದರೇನು, ತೆರೆದ ಗೆರೆ ಅಂದರೇನು, ಒಂದು ವಸ್ತು ಇನ್ನೊಂದರ ಮುಂದೆ ಬಂದರೆ ಹಿಂದಿನದು ಎಲ್ಲಿ ಮರೆಯಾಗಬೇಕು, ಗಿಡ ಹೇಗೆ ಕವಲೊಡೆಯುತ್ತದೆ, ಮನುಷ್ಯರ ಮೈ ಎಲ್ಲೆಲ್ಲಿ ಬಾಗುತ್ತದೆ ಅನ್ನುವುದನ್ನೆಲ್ಲ ಕೋಹೆನ್ ನಿಯಮಗಳಾಗಿ ಬರೆದರು. ಮೊದಮೊದಲು ಯಂತ್ರ ಗೆರೆ ಎಳೆಯುತ್ತಿತ್ತು, ಬಣ್ಣವನ್ನು ಅವರೇ ತುಂಬುತ್ತಿದ್ದರು. ಆಮೇಲೆ ಆರನ್‌ಗೇ ಬಣ್ಣ ಹಾಕಲು ಕಲಿಸಿದರು. ಕೊನೆಯ ವರ್ಷಗಳಲ್ಲಿ ಮತ್ತೆ ಬಣ್ಣವನ್ನು ತಮ್ಮ ಕೈಗೆ ತೆಗೆದುಕೊಂಡರು, ಈ ಸಲ ಟಚ್ ಸ್ಕ್ರೀನ್ ಮೇಲೆ ಬೆರಳಿಂದ. ಆರನ್ ಬರೆಯುವ ಪ್ರತಿ ಚಿತ್ರವೂ ಹೊಸದೇ, ಮುಂದಿನದು ಹೇಗಿರುತ್ತದೆ ಅಂತ ಕೋಹೆನ್‌ಗೂ ಗೊತ್ತಿರುತ್ತಿರಲಿಲ್ಲ. ಆದರೂ ಅವು ಯಾರ ಚಿತ್ರಗಳು ಅಂತ ಕೇಳಿದರೆ ನನಗೆ ಅನುಮಾನವೇ ಬರುವುದಿಲ್ಲ. ಕೈ ಯಂತ್ರದ್ದು, ಆ ಕೈ ಪಾಲಿಸುವ ಒಂದೊಂದು ನಿಯಮವೂ ಕೋಹೆನ್ ಅವರದು.

ಆನಾ ರಿಡ್ಲರ್ ಎಂಬ ಕಲಾವಿದೆ ಇನ್ನೊಂದು ದಾರಿ ಹಿಡಿದರು. 2018ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಟ್ಯುಲಿಪ್ ಹೂಗಳ 10,000 ಫೋಟೋಗಳನ್ನು ತಾವೇ ತೆಗೆದು, ಪ್ರತಿಯೊಂದಕ್ಕೂ ಬಣ್ಣ, ಪಟ್ಟೆ ಇತ್ಯಾದಿಗಳನ್ನು ಕೈಬರಹದಲ್ಲಿ ನಮೂದಿಸಿದರು. ಆ ಸಂಗ್ರಹದಿಂದಲೇ ಮಾಡೆಲ್‌ಗೆ ಕಲಿಸಿದರು. ಯಂತ್ರ ಯಾವುದನ್ನು ನೋಡಬೇಕು ಅನ್ನುವ ತೀರ್ಮಾನವನ್ನೇ ಅವರು ಬೇರೆಯವರಿಗೆ ಬಿಡಲಿಲ್ಲ.

ಇವರ ಪಕ್ಕದಲ್ಲಿ 2018ರ ಅಕ್ಟೋಬರ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 4,32,500 ಡಾಲರ್‌ಗೆ ಹೋದ ಎಡ್ಮಂಡ್ ಡಿ ಬೆಲಮಿ ಅನ್ನುವ ಭಾವಚಿತ್ರವನ್ನು ಇಟ್ಟು ನೋಡಿ. ಹಳೆಯ 15,000 ಭಾವಚಿತ್ರಗಳನ್ನು ತೋರಿಸಿ ಮಾಡೆಲ್‌ನಿಂದ ಅದನ್ನು ಮಾಡಿಸಿದ್ದು ಆಬ್ವಿಯಸ್ ಎಂಬ ಫ್ರೆಂಚ್ ಗುಂಪು. ಬಳಸಿದ ಕೋಡ್‌ನ ಬಹುಭಾಗ ರಾಬಿ ಬರಾಟ್ ಎಂಬ ಯುವಕ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದದ್ದು. ಚಿತ್ರದ ಮೂಲೆಯಲ್ಲಿ ಸಹಿ ಇರಬೇಕಾದ ಕಡೆ ಒಂದು ಗಣಿತದ ಸೂತ್ರ ಇದೆ. ಆ ಸಹಿ ನನಗೆ ಇವತ್ತಿಗೂ ಬೇಸರ ತರಿಸುತ್ತದೆ. ಯಾವ ಚಿತ್ರಗಳನ್ನು ತೋರಿಸಬೇಕು, ಬಂದವುಗಳಲ್ಲಿ ಯಾವುದನ್ನು ಪ್ರಿಂಟ್ ಮಾಡಬೇಕು, ಯಾವ ಚೌಕಟ್ಟು ಹಾಕಬೇಕು ಅಂತ ಸೂತ್ರ ಹೇಳಲಿಲ್ಲ, ಮನುಷ್ಯರು ಹೇಳಿದರು. ಸೂತ್ರದ ಹೆಸರಲ್ಲಿ ಸಹಿ ಹಾಕಿದಾಗ ಆ ಮನುಷ್ಯರೆಲ್ಲ ಕಾಣೆಯಾಗುತ್ತಾರೆ. ಬರಾಟ್ ಕೂಡ, ಆ 15,000 ಭಾವಚಿತ್ರಗಳನ್ನು ಬರೆದವರೂ ಕೂಡ.

ಈ ಕಾಣೆಯಾದವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮನುಷ್ಯರ ಪಾತ್ರ ಅಂದಾಗ ನಾವು ಪ್ರಾಂಪ್ಟ್ ಬರೆದವರನ್ನು ಮಾತ್ರ ನೋಡುತ್ತೇವೆ. 2022ರಲ್ಲಿ ಪ್ರಾಂಪ್ಟ್‌ಗಳಲ್ಲಿ ಬಹಳ ಜಾಸ್ತಿ ಬಳಕೆಯಾದ ಹೆಸರುಗಳಲ್ಲಿ ಒಂದು ಪೋಲೆಂಡ್‌ನ ಚಿತ್ರಕಾರ ಗ್ರೆಗ್ ರುಟ್‌ಕೋವ್‌ಸ್ಕಿ ಅವರದು. ಡ್ರ್ಯಾಗನ್, ಕೋಟೆ, ಯುದ್ಧ ಇಂಥವನ್ನು ಬರೆಯುವವರು. ಅವರ ಹೆಸರು ಸೇರಿಸಿದರೆ ಚಿತ್ರಕ್ಕೆ ಒಂದು ಗಾಂಭೀರ್ಯ ಬರುತ್ತಿತ್ತು. ಯಾಕೆ ಬರುತ್ತಿತ್ತು? ಮಂಜಿನಲ್ಲಿ ಬೆಳಕು ಎಲ್ಲಿ ಒಡೆಯಬೇಕು, ಎಲ್ಲಿ ವಿವರ ಬಿಟ್ಟು ಬರೀ ಕುಂಚದ ಬೀಸು ಸಾಕು ಅಂತ ಅವರು ವರ್ಷಗಟ್ಟಲೆ ಕೂತು ತೀರ್ಮಾನಿಸಿದ್ದರು. ಆ ಹೆಸರು ಟೈಪ್ ಮಾಡಿದವರು ಆ ತೀರ್ಮಾನಗಳನ್ನೆಲ್ಲ ಒಂದೇ ಏಟಿಗೆ ತಮ್ಮ ಚಿತ್ರದೊಳಗೆ ತಂದುಕೊಂಡರು, ಅವರನ್ನು ಕೇಳದೆ. ತನ್ನ ಹೆಸರು ಹುಡುಕಿದರೆ ತಾನು ಬರೆಯದ ಚಿತ್ರಗಳೇ ಎದುರಾಗುವ ಸ್ಥಿತಿ ಬಗ್ಗೆ ರುಟ್‌ಕೋವ್‌ಸ್ಕಿ ಆಗಲೇ ಆತಂಕ ಹೇಳಿಕೊಂಡಿದ್ದರು. ಬದುಕಿರುವ ಕಲಾವಿದರ ಹೆಸರನ್ನು ನಾನು ಪ್ರಾಂಪ್ಟ್‌ನಲ್ಲಿ ಬಳಸುವುದಿಲ್ಲ. ನೀವೂ ಬಳಸಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಕಲಾವಿದರು ಅನ್ನಬಹುದಾ ಅನ್ನುವುದು. ವ್ಯಕ್ತಿಗೆ ಬಿರುದು ಕೊಡುವ ಬದಲು ಚಿತ್ರದ ಬಗ್ಗೆ ಕೇಳಿ. ಒಂದು ಮೂಲೆಯನ್ನು ತೋರಿಸಿ, “ಇದು ಯಾಕೆ ಹೀಗಿದೆ?” ಅನ್ನಿ. “ಬೇರೆ ಥರ ಮಾಡಿ ನೋಡಿದೆ, ಹಾಗೆ ಮಾಡಿದರೆ ಅವಳು ಬಡವಿಯಾಗಿ ಕಾಣುತ್ತಿದ್ದಳು, ನನಗೆ ಬೇಕಿದ್ದದ್ದು ಒಂಟಿತನ” ಅಂತ ಹೇಳುವವರು ಆ ಕೆಲಸದ ಒಡೆಯರು. “ಅದು ಹಾಗೇ ಬಂತು, ಚೆನ್ನಾಗಿದೆ ಅಂತ ಇಟ್ಟೆ” ಅಂದರೆ ಆ ಮೂಲೆ ಅವರದಲ್ಲ. ಆಕಸ್ಮಿಕವಾಗಿ ಬಂದದ್ದನ್ನು ಗುರುತಿಸಿ ಉಳಿಸಿಕೊಳ್ಳುವುದೂ ತೀರ್ಮಾನವೇ, ಅದನ್ನು ಒಪ್ಪುತ್ತೇನೆ. ಜಲವರ್ಣದಲ್ಲಿ ಬಣ್ಣ ತಾನಾಗಿ ಹರಡಿದ್ದನ್ನು ನಾವು ಹಾಗೇ ಬಿಡುತ್ತೇವಲ್ಲ. ಆದರೆ ಇಡೀ ಚಿತ್ರಕ್ಕೆ ಅದೊಂದೇ ಉತ್ತರವಾದರೆ, ಅವರು ಮಾಡಿದ್ದು ಆಯ್ಕೆ ಮಾತ್ರ.

ಕಲಿಕೆ ಮುಂದುವರಿಸಬೇಕಾ? ಖಂಡಿತ ಮುಂದುವರಿಸಿ. ಕಾರಣ ಭಾವನೆಯದ್ದಲ್ಲ, ಕೆಲಸದ್ದು. ಒಂದು ಮಕ್ಕಳ ಪುಸ್ತಕಕ್ಕೆ, ಯಾರದೋ ದಾರಿ ಕಾಯುತ್ತಿರುವ ಹುಡುಗಿ ಬೇಕಿತ್ತು. ಮಾಡೆಲ್ ಅವಳನ್ನು ಪ್ರತಿ ಸಲ ನಮ್ಮ ಕಡೆ ತಿರುಗಿಸುತ್ತಿತ್ತು, ಮುಖದಲ್ಲಿ ಮುದ್ದಾದ ಬೇಸರ ಇಡುತ್ತಿತ್ತು. ಬೆನ್ನು ಕಾಣಲಿ ಅಂದರೆ ಬೆನ್ನು ಕಾಣಿಸಿತು, ಆದರೆ ಅದು ಕಾಯುವ ಬೆನ್ನಾಗಿರಲಿಲ್ಲ. ಸುಮ್ಮನೆ ನಿಂತ ಬೆನ್ನು. ತುಂಬಾ ಹೊತ್ತು ಕಾಯುವ ಮಗು ಒಂದು ಕಾಲಿನ ಮೇಲೆ ಭಾರ ಹಾಕುತ್ತದೆ, ಒಂದು ಭುಜ ಇಳಿಯುತ್ತದೆ, ಕತ್ತು ಮಾತ್ರ ಮುಂದೆ ಬಾಗಿರುತ್ತದೆ. ನಾನು ಅದನ್ನು ಪೆನ್ಸಿಲ್‌ನಲ್ಲಿ ಬರೆದು, ಆ ಗೆರೆಗಳನ್ನು ಬಿಡದೆ ಹಿಂಬಾಲಿಸುವಂತೆ ಟೂಲ್‌ಗೆ ಕೊಟ್ಟೆ. ಬಟ್ಟೆಯ ಮಡಿಕೆ, ಹಿನ್ನೆಲೆಯ ಹುಲ್ಲು ಇವನ್ನು ಅದು ಚೆನ್ನಾಗಿ ಮಾಡಿತು. ಆ ಇಳಿದ ಭುಜ ಮಾತ್ರ ನನ್ನಿಂದಲೇ ಬರಬೇಕಿತ್ತು. ಅಂಥ ಭುಜಗಳನ್ನು ನೋಡಿ ನೋಡಿ ಬರೆದ ಅಭ್ಯಾಸ ಇಲ್ಲದಿದ್ದರೆ, ಮಾಡೆಲ್ ಕೊಟ್ಟದ್ದರಲ್ಲಿ ಏನೋ ತಪ್ಪಿದೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಕೈಯಲ್ಲಿ ಬರೆಯುವಾಗ ಪ್ರತಿ ಗೆರೆಗೂ ನೀವು ತೀರ್ಮಾನ ಮಾಡಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಇಲ್ಲಿ ಗಟ್ಟಿಯಾಗಿ ಎಳೆಯಬೇಕಾ, ಇಲ್ಲಿ ನಿಲ್ಲಿಸಬೇಕಾ, ಇದನ್ನು ಬಿಟ್ಟರೂ ನಡೆಯುತ್ತಾ? ಯಾವ್ಯಾವ ವಿಷಯದಲ್ಲಿ ತೀರ್ಮಾನ ಸಾಧ್ಯ ಅನ್ನುವುದು ಹೀಗೆ ಗೊತ್ತಾಗುತ್ತದೆ. ಪ್ರಾಂಪ್ಟ್ ಬರೆಯುವುದರಿಂದ ಮಾತ್ರ ಶುರು ಮಾಡಿದವರಿಗೆ, ತಾವು ಏನನ್ನು ಬಿಟ್ಟುಕೊಟ್ಟೆವು ಅನ್ನುವುದೇ ಕಾಣುವುದು ಕಷ್ಟ.

ಹಾಗಂತ ಟೂಲ್‌ಗಳನ್ನು ಮುಟ್ಟಬೇಡಿ ಅನ್ನುತ್ತಿಲ್ಲ. ಅದನ್ನು ತೆರೆಯುವ ಮೊದಲು ಅಂಗೈಯಗಲದ ಕಾಗದದಲ್ಲಿ ನಿಮ್ಮ ಚಿತ್ರವನ್ನು ಒರಟಾಗಿ ಬರೆದುಕೊಳ್ಳಿ. ಬೆಳಕು ಎಲ್ಲಿಂದ, ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು, ಯಾವ ಜಾಗ ಖಾಲಿ ಇರಬೇಕು, ಇಷ್ಟಾದರೂ ಸಾಕು. ಆಮೇಲೆ ಬಂದ ಚಿತ್ರ ಎಷ್ಟೇ ಬೆರಗು ಹುಟ್ಟಿಸಲಿ, ಆ ಕಾಗದದ ಪಕ್ಕ ಇಟ್ಟು ನೋಡಿ.

ಕೈಬೆರಳು ಬರೆಯುವುದು ಎಷ್ಟು ಮಾಡಿದರೂ ಬರುತ್ತಿಲ್ಲ ಅಂತಲೂ ಬರೆದಿದ್ದೀರಿ. ಬರೀ ಖಾಲಿ ಕೈಯನ್ನು ಬರೆಯಬೇಡಿ, ಅದು ತುಂಬಾ ಕಷ್ಟ. ನಿಮ್ಮ ಇನ್ನೊಂದು ಕೈಯಲ್ಲಿ ಒಮ್ಮೆ ತುಂಬಿದ ನೀರಿನ ಬಾಟಲಿ ಹಿಡಿಯಿರಿ, ಒಮ್ಮೆ ಖಾಲಿ ಬಾಟಲಿ ಹಿಡಿಯಿರಿ, ಎರಡನ್ನೂ ಬರೆಯಿರಿ. ಭಾರ ಇದ್ದಾಗ ಯಾವ ಬೆರಳು ಬಿಗಿಯಾಗುತ್ತದೆ, ಮಣಿಕಟ್ಟು ಯಾವ ಕಡೆ ವಾಲುತ್ತದೆ ಅನ್ನುವುದನ್ನು ಮೊದಲು ಹಿಡಿಯಿರಿ. ಉಗುರು, ಗೆರೆ ಎಲ್ಲ ಆಮೇಲೆ.