ಕೂಸಿಗೆ ಜ್ವರ, 20ಕ್ಕೆ ರಿಟರ್ನ್

"ನನಗ ಟೈಮ್ ಮ್ಯಾನೇಜ್‌ಮೆಂಟ್ ಬರೂದಿಲ್ರೀ ಮೇಡಂ, ಅದನ್ನಷ್ಟ ಹೇಳಿಕೊಡ್ರಿ." ಬಾಗಲಕೋಟೆಯ ನವನಗರದ ಈ ತಾಯಿ ನನ್ನ ಹತ್ತಿರ ಆಪ್ತಸಲಹೆಗೆ ಬಂದು ಕೂತ ಕೂಡಲೇ ಕೇಳಿದ್ದು ಇಷ್ಟೇ. ಒಂದು ಟೈಮ್‌ಟೇಬಲ್ ಹಾಕಿಕೊಟ್ಟರೆ ತಗೊಂಡು ಹೋಗ್ತೀನಿ ಅನ್ನೋ ಥರ. ನಾನು ಹಾಕಿಕೊಡಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಸವಿತಾ ಅಂತ ಕರೆಯೋಣ. ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ.

ವಯಸ್ಸು 32. ಬಿ.ಕಾಂ. ಓದಿದ್ದಾರೆ. ಬೆಂಗಳೂರಿನ ಒಂದು ಅಕೌಂಟಿಂಗ್ ಕಂಪನಿಗೆ ಮನೆಯಿಂದಲೇ ಕೆಲಸ. ಸಣ್ಣಪುಟ್ಟ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡುವುದು. ತಿಂಗಳಲ್ಲಿ ಎರಡು ತಾರೀಖು ಅಂದರೆ ಇವರಿಗೆ ಉಸಿರು ಕಟ್ಟುತ್ತೆ: 11ಕ್ಕೆ ಜಿಎಸ್‌ಟಿಆರ್-1, ಅಂದರೆ ಹಿಂದಿನ ತಿಂಗಳ ಮಾರಾಟದ ವಿವರ; 20ಕ್ಕೆ 3ಬಿ, ಅಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್. ಗಂಡ ಕೃಷಿ ಔಷಧಿ ಕಂಪನಿಯ ಸೇಲ್ಸ್‌ನಲ್ಲಿದ್ದಾರೆ, ಬೆಳಿಗ್ಗೆ ಬೈಕ್ ಹತ್ತಿದರೆ ಮುಧೋಳ, ಜಮಖಂಡಿ, ಬೀಳಗಿ ಅಂತ ತಿರುಗಿ ಮನೆ ಸೇರುವಾಗ ಕತ್ತಲಾಗಿರುತ್ತೆ. ಮನೆಯಲ್ಲಿ ಅತ್ತೆ ಇದ್ದಾರೆ, ಮೊಣಕಾಲು ನೋವು, ಕೆಳಗೆ ಕೂತರೆ ಏಳೋದು ಕಷ್ಟ. ಮಗಳಿಗೆ 20 ತಿಂಗಳು.

ಮಳೆಗಾಲ ಶುರುವಾದಾಗಿನಿಂದ ಕೂಸಿಗೆ ಮೇಲಿಂದ ಮೇಲೆ ನೆಗಡಿ, ಜ್ವರ. ಇದರಲ್ಲಿ ಅಂಥ ವಿಶೇಷ ಏನಿಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರೋದು ಮಾಮೂಲು ಅಂತ ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ. ಆದರೆ ಇದನ್ನು ಸವಿತಾ ಕೆಲಸದ ಲೆಕ್ಕಕ್ಕೆ ಹಚ್ಚಿ ನೋಡಿರಲಿಲ್ಲ. ವರ್ಷಕ್ಕೆ ಆರೆಂಟು ಸಲ, ಒಂದೊಂದು ಸಲ ನಾಲ್ಕೈದು ದಿನ ಅಂದರೆ ಯಾವುದೋ ಒಂದು ಜ್ವರ 11ಕ್ಕೋ 20ಕ್ಕೋ ಬಂದು ಬೀಳಲೇಬೇಕು. "ಇದೊಂದ್ ಸಲ ಹ್ಯಾಂಗಾರ ದಾಟಿಸಿದ್ರ ಸಾಕು" ಅಂತ ಪ್ರತಿ ಸಲವೂ ಅಂದುಕೊಂಡಿದ್ದರು.

ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಫೋಟೋ ಮೊಬೈಲಿನಲ್ಲಿ ತೋರಿಸಿದರು. 20ರ ಚೌಕದಲ್ಲಿ ಕೆಂಪು ಪೆನ್ನಿನಲ್ಲಿ '3ಬಿ', ಸುತ್ತ ಎರಡು ಸಲ ಗೆರೆ. ಹಿಂದಿನ ಎರಡು ಚೌಕಗಳಲ್ಲಿ ಪೆನ್ಸಿಲ್ಲಿನಲ್ಲಿ ಒಂದರ ಮೇಲೊಂದು ಜ್ವರದ ಅಂಕಿ: 101, 102.4, 100. ಹಾಲಿನ ಲೆಕ್ಕವೂ ಅಲ್ಲೇ ಮೂಲೆಯಲ್ಲಿತ್ತು. ಔಷಧಿ ಯಾವಾಗ ಕೊಟ್ಟಿದ್ದು, ಯಾರು ಕೊಟ್ಟಿದ್ದು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಅವರು ನನ್ನ ಹತ್ತಿರ ಬರೋಕೆ ನಿಜವಾದ ಕಾರಣ ಅದೇ.

19ನೇ ತಾರೀಖು ಮಧ್ಯಾಹ್ನ ಮೀಟಿಂಗ್. ಸವಿತಾ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ, ಹಾಲ್‌ನಲ್ಲಿ ಕೂಸು ಅತ್ತರೆ ಅಷ್ಟಾಗಿ ಕೇಳಿಸಲ್ಲ ಅಂತ. ಹಾಲ್‌ನಲ್ಲಿ ಅತ್ತೆ ಕೂಸಿನ ಮೈ ಮುಟ್ಟಿ ನೋಡಿದ್ದಾರೆ, ಸುಡುತ್ತಿದೆ. ಸೊಸೆಯನ್ನು ಕರೆಯೋ ಹಾಗಿಲ್ಲ. ಕಪಾಟಿನಲ್ಲಿದ್ದ ಜ್ವರದ ಸಿರಪ್ ಕುಡಿಸಿದ್ದಾರೆ. ಸ್ವಲ್ಪ ಹೊತ್ತಿಗೆ ಕೂಸು ಅಳುತ್ತಾ ಅಡುಗೆಮನೆಗೆ ಬಂದು ತೊಡೆ ಹತ್ತಿದೆ. ಕ್ಯಾಮೆರಾದಲ್ಲಿ ಭುಜದ ಮೇಲಷ್ಟೇ ಕಾಣುತ್ತೆ, ಕೆಳಗೆ ಕಾದ ಹಂಚಿನಂಥ ಮಗು ದುಪಟ್ಟಾ ಬಾಯಿಗೆ ಹಾಕಿಕೊಂಡು ಮಲಗಿದೆ, ಮೇಲೆ ಇವರು "ಎಸ್ ಸರ್, ಇವತ್ತು ಮುಗಿಯುತ್ತೆ ಸರ್" ಅನ್ನುತ್ತಿದ್ದಾರೆ. ಮೀಟಿಂಗ್ ಮುಗಿದದ್ದೇ ಎದ್ದು ಹೋಗಿ ಸಿರಪ್ ಕುಡಿಸಿದರು. ಬೇರೆ ಬಾಟಲಿಯಿಂದ. ಮನೆಯಲ್ಲಿ ಎರಡಿದ್ದವು, ಎರಡೂ ಪ್ಯಾರಾಸಿಟಮಾಲ್ ಅನ್ನೋದೂ ಆಗ ತಲೆಗೆ ಹೊಳೆದಿಲ್ಲ. ಒಂದರಲ್ಲಿ 5 ಎಂ.ಎಲ್.ಗೆ 125 ಎಂ.ಜಿ., ಇನ್ನೊಂದರಲ್ಲಿ 250.

ಅತ್ತೆ ಬಂದು "ನಾ ಈಗಷ್ಟ ಹಾಕೇನಲ್ಲ" ಅಂದಾಗ ಕೈಕಾಲು ನಡುಗಿದವಂತೆ. ಡಾಕ್ಟರಿಗೆ ಫೋನ್ ಮಾಡಿದರು. ಅವರು ಮಗುವಿನ ತೂಕ ಕೇಳಿ, ಎರಡೂ ಡೋಸ್ ಲೆಕ್ಕ ಹಾಕಿ, ಗಾಬರಿ ಬೇಡ, ಮುಂದಿನ ಡೋಸ್ ನಾನು ಹೇಳುವವರೆಗೆ ಕೊಡಬೇಡಿ ಅಂದರು. ಕೂಸಿಗೆ ಏನೂ ಆಗಲಿಲ್ಲ. ಸವಿತಾಗೆ ಮಾತ್ರ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಈಗ ಹೇಳಿ, ಇದು ಟೈಮ್ ಮ್ಯಾನೇಜ್‌ಮೆಂಟ್ ಸಮಸ್ಯೆನಾ? ತಿಂಗಳ 11, 20 ಒಂದು ಸಲವೂ ತಪ್ಪಿಸದವರಿಗೆ ಟೈಮ್ ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ನನಗೆ ಕಂಡದ್ದು ಬೇರೆ. ಕೂಸು ನೋಡೋದು ಒಂದು ಕೆಲಸ, ಲೆಕ್ಕ ನೋಡೋದು ಇನ್ನೊಂದು. ಇವೆರಡರ ಮೇಲೆ ಮೂರನೇ ಕೆಲಸ ಒಂದನ್ನು ಅವರೇ ಹಚ್ಚಿಕೊಂಡಿದ್ದರು: ಮುಚ್ಚಿಡೋದು. ಕೂಸಿಗೆ ಜ್ವರ ಅಂತ ಆಫೀಸಿಗೆ ಗೊತ್ತಾಗಬಾರದು. ಆಫೀಸಿನಲ್ಲಿ ಇಷ್ಟು ಒತ್ತಡ ಇದೆ ಅಂತ ಮನೆಯಲ್ಲಿ ಗೊತ್ತಾಗಬಾರದು. ಮಧ್ಯಾಹ್ನ ಗಂಡ ಫೋನ್ ಮಾಡಿದರೆ "ಆರಾಮ ಐತಿ" ಅಂತ ಉತ್ತರ. ಮೂರರಲ್ಲಿ ಜಾಸ್ತಿ ಸುಸ್ತು ಮಾಡುತ್ತಿದ್ದದ್ದು ಈ ಮೂರನೆಯದೇ. ಡಬಲ್ ಡೋಸ್ ಆದದ್ದೂ ಅದರಿಂದಲೇ. ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು "ಔಷಧ ಹಾಕೇನಿ" ಅಂತ ಒಂದು ಮಾತು ಹೇಳೋ ಹಾಗಿದ್ದಿದ್ದರೆ ಅಲ್ಲಿಗೇ ಮುಗೀತಿತ್ತು.

"ಮೀಟಿಂಗ್‌ನಲ್ಲೇ ಹೇಳಿದ್ದರೆ ಏನಾಗ್ತಿತ್ತು?" ಅಂತ ಕೇಳಿದೆ. "ಮನ್ಯಾಗ ಕುಂತು ಮಕ್ಕಳನ್ನ ನೋಡ್ಕೋತಾಳ, ಪಗಾರ ತಗೋತಾಳ ಅಂತಾರ್ರಿ." ಈ ಭಯ ಸುಳ್ಳಲ್ಲ. ಅನ್ನುವವರು ಇದ್ದಾರೆ. ಹಾಗಂತ ಅವರ ಬಾಯಿಗೆ ಹೆದರಿ ಮಗುವನ್ನು ಕ್ಯಾಮೆರಾದ ಕೆಳಗೆ ಅಡಗಿಸಿ ಎಷ್ಟು ವರ್ಷ ನಡೆಸೋಕಾಗುತ್ತೆ?

ಮೊದಲು ಭಯವನ್ನೇ ಅಳೆದು ನೋಡೋಣ ಅಂದೆ. ಲೆಕ್ಕದವರು ತಾನೇ, ಲೆಕ್ಕದಲ್ಲೇ ಹೇಳಿ: ಒಂದು 3ಬಿ ಒಂದು ದಿನ ತಡವಾದರೆ ಏನಾಗುತ್ತೆ? ಪೆನ್ನು ತಗೊಂಡು ಬರೆದರು. ಲೇಟ್ ಫೀ ದಿನಕ್ಕೆ 50 ರೂಪಾಯಿ. ವ್ಯಾಪಾರಿಯ ತೆರಿಗೆ 40,000 ಬಾಕಿ ಇದ್ದರೆ ವರ್ಷಕ್ಕೆ ಶೇ. 18ರ ಬಡ್ಡಿಯಂತೆ ಒಂದು ದಿನಕ್ಕೆ ಸುಮಾರು 20. ಒಟ್ಟು 70 ರೂಪಾಯಿ. ಬರೆದು ಸುಮ್ನೆ ನೋಡುತ್ತಾ ಕೂತರು. ತಡ ಮಾಡಿ ಅಂತ ನಾನು ಹೇಳುತ್ತಿಲ್ಲ, ಗಿರಾಕಿಯ ನಂಬಿಕೆಗೆ ಬೆಲೆ ಇದೆ, ಕಂಪನಿಯ ಹೆಸರಿಗೂ ಇದೆ. ಆದರೆ ಎದೆಯಲ್ಲಿ ಹೊತ್ತುಕೊಂಡಿದ್ದ ಭಾರಕ್ಕೂ ಈ 70ಕ್ಕೂ ತಾಳೆ ಆಗುತ್ತಾ?

ಆಮೇಲೆ ರಜೆ. ಸವಿತಾ ಆ ವರ್ಷ ಒಂದೂ ರಜೆ ತಗೊಂಡಿರಲಿಲ್ಲ. "ನೀ ಮನ್ಯಾಗ ಇರ್ತೀಯಲ್ಲ, ನಿನಗ್ಯಾಕ ರಜಾ" ಅಂತ ಅತ್ತೆ ಒಮ್ಮೆ ಅಂದದ್ದು ಇವರಿಗೇ ನಿಜ ಅನ್ನಿಸಿಬಿಟ್ಟಿದೆ. ಇನ್ನೊಂದು ಕಡೆ ನಾದಿನಿ ಸರ್ಕಾರಿ ಶಾಲೆಯ ಟೀಚರ್. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ಇಡೀ ಸೇವೆಯಲ್ಲಿ ಒಟ್ಟು 6 ತಿಂಗಳ ಶಿಶುಪಾಲನಾ ರಜೆ ಸಿಗುತ್ತೆ. ಅದನ್ನು ನೋಡಿ ಹೊಟ್ಟೆ ಉರಿಯುತ್ತೆ ಅಂತ ನಗುತ್ತಲೇ ಹೇಳಿದರು. ಖಾಸಗಿ ಕಂಪನಿಯವರಿಗೆ ಮಗುವಿನ ಜ್ವರಕ್ಕೆ ಅಂತಲೇ ಪ್ರತ್ಯೇಕ ರಜೆ ಕಾನೂನಿನಲ್ಲಿ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರ ಆಯ್ತು, ಅದು ಮುಗಿದ ಮೇಲೆ ಮನೆಯಿಂದ ಕೆಲಸ ಕೊಡಬಹುದು ಅಂತಲೂ ಬಂತು, ಅದೂ ಇಬ್ಬರೂ ಒಪ್ಪಿದರೆ. 50 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿ ಮಕ್ಕಳ ಪಾಲನಾ ಕೇಂದ್ರ ಇಡಬೇಕು. ಬೆಂಗಳೂರಿನ ಪಾಲನಾ ಕೇಂದ್ರ ನವನಗರದ ಕೂಸಿಗೆ ಏನು ಉಪಯೋಗ? ಇಲ್ಲೇ ಇದ್ದಿದ್ದರೂ ಜ್ವರ ಬಂದ ಮಗುವನ್ನು ಅಲ್ಲಿ ಬಿಡೋಕಾಗಲ್ಲ. ಆದರೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಸಂಬಳದ ರಜೆ ಇದೆ, ಸ್ವಂತ ಕಾಯಿಲೆಗೆ ಅಥವಾ ಬೇರೆ ಸರಿಯಾದ ಕಾರಣಕ್ಕೆ. ಕೂಸಿನ ಜ್ವರಕ್ಕಿಂತ ಸರಿಯಾದ ಕಾರಣ ಇನ್ನೇನು ಬೇಕು? ನೇಮಕಾತಿ ಪತ್ರ ತೆಗೆದು ಓದಿ ಅಂದೆ. ಓದಿದರು. ಅದರಲ್ಲೂ 12 ದಿನ ಬರೆದಿತ್ತು, ಕೆಲಸಕ್ಕೆ ಸೇರಿದಾಗಿನಿಂದ ಆ ಹಾಳೆ ತೆರೆದೇ ಇರಲಿಲ್ಲ.

ಹೇಗೆ ಬಳಸೋದು ಅಂತಲೂ ಮಾತಾಡಿದೆವು. ಜ್ವರದ ಎಲ್ಲ ದಿನವೂ ಒಂದೇ ಥರ ಇರಲ್ಲ. ಮೂಗು ಸೋರುತ್ತಾ ಆಡಿಕೊಂಡಿರೋ ದಿನ ಕೆಲಸ ನಡೆಯುತ್ತೆ. ತೊಡೆ ಬಿಟ್ಟು ಇಳಿಯದ ದಿನ ನಡೆಯಲ್ಲ, ಅವತ್ತು ರಜೆ ಹಾಕಬೇಕು, ಕೊನೆಗೆ ಅರ್ಧ ದಿನವಾದರೂ. ಎರಡನ್ನೂ ಒಟ್ಟಿಗೆ ಮಾಡ್ತೀನಿ ಅಂತ ಕೂತರೆ ಎರಡೂ ಕೆಡುತ್ತೆ, ನೋಡಿಯಾಗಿದೆ. ಮ್ಯಾನೇಜರಿಗೆ ಕಳಿಸೋ ಮೆಸೇಜನ್ನು ಅಲ್ಲೇ ಕೂತು ಬರೆಸಿದೆ: "ಮಗಳಿಗೆ ಜ್ವರ. ಇವತ್ತು ಮಧ್ಯಾಹ್ನ 2ರಿಂದ 4, ರಾತ್ರಿ 8ರಿಂದ 10 ಸಿಗುತ್ತೇನೆ. ಈ ಐದು ಫೈಲ್ ನಾನು ಮುಗಿಸುತ್ತೇನೆ, ಉಳಿದ ಮೂರು ಬೇರೆಯವರಿಗೆ ಕೊಡಿ." ಮೊದಲ ಪ್ರಯತ್ನದಲ್ಲಿ ಇದಕ್ಕಿಂತ ಉದ್ದದ ಕ್ಷಮೆ ಇತ್ತು, ತೆಗೆಸಿದೆ. ಮ್ಯಾನೇಜರಿಗೆ ಬೇಕಾದದ್ದು ಎಷ್ಟು ಹೊತ್ತಿಗೆ ಯಾವ ಫೈಲ್ ಸಿಗುತ್ತೆ ಅನ್ನೋದು, ನಮ್ಮ ಸಂಕಟದ ಕಥೆ ಅಲ್ಲ.

ಮುಂದಿನ ಭೇಟಿಗೆ ಗಂಡನನ್ನೂ ಕರೆದೆ. ಬಂದರು, ಹೆಲ್ಮೆಟ್ ತೊಡೆ ಮೇಲೆ ಇಟ್ಟುಕೊಂಡೇ ಕೂತರು, ಈಗಲೇ ಎದ್ದು ಹೋಗುವವರ ಥರ. "ಅದು ನನ್ನ ಹತ್ರ ಬರೂದ ಇಲ್ರೀ, ಅವ್ವ ಬೇಕಂತೈತಿ." ಜ್ವರದ ಕೂಸು ಅವ್ವನನ್ನೇ ಕೇಳುತ್ತೆ, ನಿಜ. ಆದರೆ ಆರೋಗ್ಯವಾಗಿರುವಾಗ ಅಪ್ಪನ ಕೈಯಲ್ಲಿ ಉಂಡು ಮಲಗಿ ರೂಢಿ ಇಲ್ಲದ ಮಗು ಜ್ವರದಲ್ಲಿ ಒಮ್ಮೆಲೇ ಹೋಗುತ್ತಾ? ಹಾಗಾಗಿ ಜ್ವರ ಇಲ್ಲದ ದಿನವೂ ರಾತ್ರಿ ಮಲಗಿಸೋದು ಅಪ್ಪನ ಪಾಲು ಅಂತ ಮಾಡಿದೆವು. 18, 19, 20ರ ರಾತ್ರಿ ಕೂಸು ಎದ್ದರೆ ಏಳೋದೂ ಅವರೇ. "ಹೆಲ್ಪ್ ಮಾಡ್ತೀನಿ" ಅನ್ನೋ ಮಾತು ಬೇಡ ಅಂದೆ. ಹೆಲ್ಪ್ ಅಂದರೆ ಕರೆದಾಗ ಬರೋದು, ಕರೆಯೋ ಕೆಲಸ ಮತ್ತೆ ಹೆಂಡತಿಗೇ ಬೀಳುತ್ತೆ. ಗಂಟೆ ಹೇಳಿ, ಆ ಗಂಟೆ ನಿಮ್ಮದು. ಮುಖ ಸ್ವಲ್ಪ ಸಣ್ಣಗಾಯಿತು, ಒಪ್ಪಿದರು.

ಅತ್ತೆಯನ್ನು ಈ ಕಥೆಯ ಖಳನಾಯಕಿ ಮಾಡೋದು ಸುಲಭ, ಸವಿತಾ ಮೊದಲ ದಿನ ಮಾಡಿದ್ದೂ ಅದನ್ನೇ. "ನಾವ್ ಐದು ಹಡದು ಹೊಲಕ್ಕೂ ಹೋಗೇವಿ" ಅಂತಾರಂತೆ. ಹೋಗಿದ್ದಾರೆ, ಸುಳ್ಳಲ್ಲ. ಆದರೆ ಹೊಲದಲ್ಲಿ ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಮಲಗಿಸಿದರೆ ಕೂಸು ಅತ್ತಾಗ ಕಳೆ ತೆಗೆಯೋ ನಾಲ್ಕು ಹೆಂಗಸರಲ್ಲಿ ಯಾರಾದರೂ ಒಬ್ಬರು ಎದ್ದು ಹೋಗ್ತಿದ್ದರು. ಅತ್ತಿದ್ದನ್ನು ಯಾರಿಂದಲೂ ಮುಚ್ಚಿಡಬೇಕಿರಲಿಲ್ಲ. ಈ ಮಾತನ್ನು ಮನೆಗೆ ಹೋಗಿ ಜಗಳದ ಧಾಟಿಯಲ್ಲಲ್ಲ, ಸುಮ್ನೆ ಕೇಳೋ ಧಾಟಿಯಲ್ಲಿ ಹೇಳಿ ಅಂದೆ: "ಅತ್ತಿ, ನೀವು ಹೊಲಕ್ಕ ಹೋದಾಗ ಕೂಸಿನ ಯಾರ್ ನೋಡ್ತಿದ್ರಿ?" ಅವತ್ತು ಸಂಜೆ ಒಂದು ಗಂಟೆ ಮಾತು ನಡೆಯಿತಂತೆ. ಈಗ ಕೂತು ಮಾಡೋ ಕೆಲಸ ಎಲ್ಲ ಅತ್ತೆಯದು: ಗಂಜಿ ಉಣಿಸೋದು, ಗುಟುಕು ಗುಟುಕಾಗಿ ನೀರು ಕುಡಿಸೋದು, ಕಥೆ ಹೇಳೋದು. ಎತ್ತಿಕೊಂಡು ಓಡಾಡೋದು ಅವರಿಗೆ ಬೇಡ.

ಔಷಧಿಗೆ ಒಂದೇ ಹಾಳೆ. ಫ್ರಿಜ್ ಬಾಗಿಲಿಗೆ ಅಂಟಿಸಿ, ಪೆನ್ನು ದಾರ ಕಟ್ಟಿ ಅಲ್ಲೇ ನೇತುಹಾಕಿ. ಯಾರು ಕುಡಿಸುತ್ತಾರೋ ಅವರೇ ಸಮಯ ಬರೆಯಬೇಕು. ಅತ್ತೆಗೆ ಬರೆಯೋಕೆ ಬರಲ್ಲ, ಗಡಿಯಾರದ ಮುಳ್ಳು ನೋಡಿ ಅಂಕಿ ಗೀಚುತ್ತಾರೆ, ಸಾಕು. ಮನೆಯಲ್ಲಿ ಪ್ಯಾರಾಸಿಟಮಾಲ್ ಬಾಟಲಿ ಒಂದೇ ಇರಲಿ, ಡೋಸ್ ಮಗುವಿನ ತೂಕ ನೋಡಿ ಡಾಕ್ಟರು ಹೇಳಿದಷ್ಟೇ. ನೆಗಡಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸಿರಪ್ ಬೇಡವೇ ಬೇಡ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಕೂಡಿಸಿದ ಸಿರಪ್ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರಲ್ಲೇ ಔಷಧ ನಿಯಂತ್ರಕರು ಹೇಳಿದ್ದಾರೆ. ಇನ್ನು ಮಗು ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿ ಮಾಡಿದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮೂತ್ರ ತುಂಬಾ ಕಡಿಮೆಯಾದರೆ, ಪಕ್ಕೆಲುಬು ಒಳಗೆ ಹೋಗುವ ಹಾಗೆ ಉಸಿರು ಎಳೆದರೆ, ಫಿಟ್ಸ್ ಬಂದರೆ ಲ್ಯಾಪ್‌ಟಾಪ್ ಮುಚ್ಚಿ ಆಸ್ಪತ್ರೆಗೆ ಹೋಗಬೇಕು. 20ನೇ ತಾರೀಖಾದರೂ ಅಷ್ಟೇ.

ಮೊಬೈಲ್ ತೋರಿಸೋದರ ಬಗ್ಗೆ ಕೇಳಿದರು, ತಲೆ ತಗ್ಗಿಸಿಕೊಂಡು. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ ಅಂತ ಮಕ್ಕಳ ತಜ್ಞರು ಹೇಳೋದು ಸರಿ. ಜ್ವರದ ದಿನ ಅರ್ಧ ಗಂಟೆ ತೋರಿಸಿದ್ದಕ್ಕೆ ರಾತ್ರಿಯೆಲ್ಲ ಕೊರಗೋದು ಮಾತ್ರ ಅತಿಯಾಯ್ತು.

ಅವರ ನಿದ್ದೆಗೆ ಸ್ವಲ್ಪ ಸಮಯ ಕೊಟ್ಟೆ. ಎರಡು ವಾರವಾದರೂ ನಿದ್ದೆ ಬಾರದೆ, ಅಳು ನಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ ಮನೋವೈದ್ಯರನ್ನು ನೋಡಲೇಬೇಕು ಅಂದೆ. ನಡುರಾತ್ರಿ ತಡೆಯೋಕಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿವರೆಗೆ ಹೋಗಲಿಲ್ಲ, ಗಂಡ ರಾತ್ರಿ ಏಳೋಕೆ ಶುರು ಮಾಡಿದ ವಾರದಲ್ಲೇ ನಿದ್ದೆ ಹತ್ತಿತು.

ಮುಂದಿನ ಜ್ವರ 9ನೇ ತಾರೀಖು ಬಂತು. ಮೆಸೇಜ್ ಕಳಿಸಿದರು, ಒಂದೂವರೆ ದಿನ ರಜೆ ಹಾಕಿದರು. ಮೂರು ಫೈಲ್ ಬೇರೆಯವರಿಗೆ ಹೋಯಿತು, ಜಿಎಸ್‌ಟಿಆರ್-1 ಹೊತ್ತಿಗೆ ಸರಿಯಾಗಿ ಹೋಯಿತು. ಮ್ಯಾನೇಜರ್ "ಟೇಕ್ ಕೇರ್" ಅಂದರು, ಎರಡು ದಿನ ಬಿಟ್ಟು "ಪದೇ ಪದೇ ಆದರೆ ಕಷ್ಟ" ಅಂತಲೂ ಅಂದರು. ಅದು ಸವಿತಾಗೆ ಚುಚ್ಚಿದೆ. ಜ್ವರದ ದಿನಗಳ ಕೆಲಸದ ಗಂಟೆಗಳನ್ನು ಇಮೇಲಿನಲ್ಲಿ ಬರೆದು ಒಪ್ಪಿಸಿಕೊಳ್ಳಿ ಅಂತ ಹೇಳಿದ್ದೇನೆ, ಇನ್ನೂ ಕಳಿಸಿಲ್ಲ, ಡ್ರಾಫ್ಟ್‌ನಲ್ಲೇ ಇದೆ. ಮುಂದಿನ ಭೇಟಿ 22ಕ್ಕೆ ಇಟ್ಟುಕೊಂಡಿದ್ದೇವೆ, 3ಬಿ ಮುಗಿದ ಮೇಲೆ.