ವಸಂತದಲ್ಲಿ ಬೈಸನ್‌ಗಳ ಕೂದಲು ಹರಿದ ಕಂಬಳಿಯಂತೆ ಜೋತಾಡುವುದೇಕೆ? ಅದು ರೋಗವೇ?

ರೋಗವಲ್ಲ, ಕಜ್ಜಿಯೂ ಅಲ್ಲ. ಅಮೆರಿಕದ ಸೌತ್ ಡಕೋಟ, ಮೊಂಟಾನಾ ಕಡೆಯ ಹುಲ್ಲುಗಾವಲುಗಳಲ್ಲಿ ಸಾಕುವ ಬೈಸನ್‌ಗಳು ಚಳಿಗಾಲದ ಉಣ್ಣೆಯನ್ನು ಕಳಚುವ ಪರಿ ಅದು.

ಅವುಗಳ ಮೈಮೇಲೆ ಎರಡು ಬಗೆಯ ಕೂದಲಿರುತ್ತದೆ: ಹೊರಗೆ ಒರಟು ಕೂದಲು, ಅದರಡಿಯಲ್ಲಿ ಒತ್ತಾದ ಮೆತ್ತನೆಯ ಉಣ್ಣೆ. ಈ ಉಣ್ಣೆ ಮೈಶಾಖವನ್ನು ಎಷ್ಟು ಬಿಗಿಯಾಗಿ ಹಿಡಿದಿಡುತ್ತದೆಂದರೆ, ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಕೂತಿರುತ್ತದೆ. ಕೊಟ್ಟಿಗೆಯ ಗೊಡವೆಯೇ ಇಲ್ಲ. ಹಗಲು ಉದ್ದವಾಗುತ್ತಾ ಬಂದಂತೆ ದೇಹದ ಹಾರ್ಮೋನುಗಳು ಬದಲಾಗಿ ಉಣ್ಣೆಯ ಬುಡ ಸಡಿಲವಾಗುತ್ತದೆ. ಆದರೆ ಒಂದೇ ಸಲಕ್ಕೆ ಉದುರುವುದಿಲ್ಲ. ಬಿಟ್ಟುಕೊಂಡ ಉಣ್ಣೆ ಇನ್ನೂ ಗಟ್ಟಿಯಿರುವ ಕೂದಲಿಗೆ ಸಿಕ್ಕಿಕೊಂಡು ಚಿಂದಿಯಂತೆ ತೂಗುತ್ತದೆ. ಅದನ್ನು ಕಿತ್ತೊಗೆಯಲು ಅವು ಬೇಲಿಗೂಟ, ಮರ, ಬಂಡೆಗಳಿಗೆ ಮೈ ಉಜ್ಜುತ್ತವೆ, ಮಣ್ಣಿನಲ್ಲಿ ಹೊರಳಾಡುತ್ತವೆ. ಅಲ್ಲಲ್ಲಿ ಅಂಟಿಕೊಂಡ ಉಣ್ಣೆಯ ಎಳೆಗಳನ್ನು ಹಕ್ಕಿಗಳು ಗೂಡಿಗೆ ಒಯ್ಯುತ್ತವೆ. ಬೇಸಿಗೆಯ ನಡುವಿಗೆ ಬಂದರೂ ಉಣ್ಣೆ ಬಿಡದ ಪ್ರಾಣಿ ಇದ್ದರೆ ಅದರ ಆರೋಗ್ಯದ ಬಗ್ಗೆ ಯೋಚಿಸಬೇಕಾಗುತ್ತದೆ.

ಕೆಂಗಂದು ಬಣ್ಣದ ಕರುಗಳು ಹುಟ್ಟುವುದೂ ಏಪ್ರಿಲ್-ಮೇ ತಿಂಗಳಲ್ಲೇ. ಚಿಂದಿ ಹೊದ್ದ ತಾಯಿಯನ್ನು ಕಂಡು ಮರುಗಿ ಹತ್ತಿರ ಹೋಗಬೇಡಿ; ಅದು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡಬಲ್ಲದು.

ಅಂದಹಾಗೆ, 'ಇಂಡಿಯನ್ ಬೈಸನ್' ಎಂದು ಕರೆಸಿಕೊಳ್ಳುವ ಬಂಡೀಪುರ, ನಾಗರಹೊಳೆಯ ಕಾಟಿಯಲ್ಲಿ ಈ ದೃಶ್ಯ ಕಾಣಸಿಗುವುದಿಲ್ಲ. ಅದು ಬೇರೆಯೇ ಪ್ರಾಣಿ, ಮೈತುಂಬ ಗಿಡ್ಡ ಕೂದಲು.